ಹಸ್ತಪ್ರತಿ ಛಾಯಾಗ್ರಹಣದಲ್ಲಿ ಮೊಬೈಲ್ ಫೋನಿಗೆ ಹಾರ್ಡ್ ಡಿಸ್ಕ್ ಜೋಡಣೆ: ಕ್ರಮ ಮತ್ತು ಎಚ್ಚರಿಕೆ

ಪೀಠಿಕೆ

ನಮ್ಮ ಭಂಡಾರಗಳ ಓಲೆಗರಿಗಳನ್ನು ಓದಿ, ಪ್ರತಿ ಮಾಡಿ, ಪಾಠಾಂತರಗಳನ್ನು ಗುರುತಿಸುವ ಕಾರ್ಯದಲ್ಲಿ ಈಚಿನ ವರ್ಷಗಳಲ್ಲಿ ಒಂದು ಹೊಸ ಪದ್ಧತಿ ಬಳಕೆಗೆ ಬಂದಿದೆ. ಗರಿಗಳನ್ನು ಒಂದೊಂದಾಗಿ ಶುಭ್ರವಾದ ಬಟ್ಟೆಯ ಮೇಲಿರಿಸಿ, ಕೈಯಲ್ಲಿರುವ ಮೊಬೈಲ್ ಫೋನಿನಿಂದಲೋ ಟ್ಯಾಬ್ಲೆಟ್ಟಿನಿಂದಲೋ ಛಾಯಾಚಿತ್ರ ತೆಗೆದುಕೊಂಡು, ಮನೆಗೆ ಬಂದು ಸಾವಕಾಶವಾಗಿ ಓದುವುದು ಆ ಪದ್ಧತಿ. ದೊಡ್ಡ ಸಂಸ್ಥೆಗಳು ಇದಕ್ಕಾಗಿಯೇ ಮಾಡಿದ ಕ್ಯಾಮರಾಗಳನ್ನೂ ಕಂಪ್ಯೂಟರುಗಳನ್ನೂ ಒಯ್ಯುತ್ತವೆ. ಒಬ್ಬಂಟಿಯಾಗಿ ಊರೂರು ಅಲೆಯುವ ಪಂಡಿತನಿಗೆ ಅದು ಸಾಧ್ಯವಿಲ್ಲ. ಅವನ ಬಳಿ ಇರುವುದು ಒಂದು ಫೋನು, ಹೆಚ್ಚೆಂದರೆ ಚೀಲದಲ್ಲಿ ಒಂದು ಹಾರ್ಡ್ ಡಿಸ್ಕು.

ಈ ಎರಡನ್ನು ಒಂದಕ್ಕೊಂದು ಜೋಡಿಸುವುದು ಮೇಲ್ನೋಟಕ್ಕೆ ಅತಿ ಸುಲಭವಾದ ಕೆಲಸ. ಆದರೆ ಜೋಡಣೆಯ ತತ್ತ್ವವನ್ನು ಅರಿಯದೆ ಮಾಡಿದರೆ, ಯಾವ ಗ್ರಂಥವನ್ನು ಉಳಿಸಲು ಹೊರಟೆವೋ ಅದರ ನಾಶಕ್ಕೆ ನಾವೇ ನಿಮಿತ್ತರಾಗುವ ಸಂಭವವುಂಟು. ಇದು ಬರಿಯ ಊಹೆಯ ಮಾತಲ್ಲ. ಈ ಲೇಖಕನಿಂದಲೇ ಅಂತಹ ಪ್ರಮಾದವೊಂದು ನಡೆದಿದೆ. ಅದನ್ನು ಮುಂದೆ ನಿವೇದಿಸುತ್ತೇನೆ. ಕಂಪ್ಯೂಟರಿನ ಶಾಸ್ತ್ರವನ್ನು ವಿಧಿವತ್ತಾಗಿ ಕಲಿಯದ, ಆದರೆ ಹಸ್ತಪ್ರತಿಗಳೊಡನೆ ಬಾಳಿದ ವಿದ್ವಜ್ಜನರಿಗೆ ಈ ಜೋಡಣೆಯ ಕ್ರಮವನ್ನೂ ಅದರ ಕಾರಣಗಳನ್ನೂ ತಿಳಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಹಾರ್ಡ್ ಡಿಸ್ಕಿನ ಆವಶ್ಯಕತೆ

ಮೊದಲು ಪ್ರಮಾಣವನ್ನು ವಿಚಾರಿಸೋಣ. 186 ಗರಿಗಳ ಒಂದು ಕಟ್ಟು ಇದೆ ಎಂದಿಟ್ಟುಕೊಳ್ಳಿ. ಎರಡು ಬದಿಗಳನ್ನು ಲೆಕ್ಕಿಸಿದರೆ 372 ಪುಟಗಳಾಗುತ್ತವೆ. ಗರಿ ಉದ್ದವಾಗಿರುವುದರಿಂದ, ಅಕ್ಷರಗಳು ಸ್ಫುಟವಾಗಿ ಕಾಣಬೇಕಾದರೆ ಪ್ರತಿ ಬದಿಯನ್ನು ಎಡ, ನಡು, ಬಲ ಎಂದು ಮೂರು ಭಾಗಗಳಲ್ಲಿ ತೆಗೆಯಬೇಕು. ಒಟ್ಟು 1116 ಚಿತ್ರಗಳು. ಸಾಮಾನ್ಯ ಚಿತ್ರವೊಂದಕ್ಕೆ 5 ಎಂ.ಬಿ. ಎಂದು ಹಿಡಿದರೂ ಸುಮಾರು 5.6 ಜಿ.ಬಿ. ಆಯಿತು. ಮಸಿ ಮಾಸಿದ ಗರಿಗಳಿಗೆ, ಮುಂದೆ ಬೆಳಕು ನೆರಳುಗಳನ್ನು ತಿದ್ದಿಕೊಳ್ಳಲು ಅನುಕೂಲವಾಗುವ 'ರಾ' ಕ್ರಮದಲ್ಲಿ ತೆಗೆದರೆ ಚಿತ್ರವೊಂದಕ್ಕೆ 25 ಎಂ.ಬಿ. ಬೇಕಾಗಬಹುದು, ಆಗ ಇದೇ ಕಟ್ಟಿಗೆ ಸುಮಾರು 28 ಜಿ.ಬಿ. ಬೇಕು. ಇಂತಹ ನಾಲ್ಕೈದು ಕಟ್ಟುಗಳಿಗೆ ಅನೇಕ ಫೋನುಗಳ ತೆರವು ಜಾಗ ಮುಗಿದುಹೋಗುತ್ತದೆ.

ಅಂತರಜಾಲದ ಮೂಲಕ ದೂರದ ಸಂಗ್ರಹಕ್ಕೆ ಕಳುಹಿಸಬಾರದೇ ಎಂದು ಕೇಳಬಹುದು. ಘಟ್ಟದ ಕೆಳಗಿನ ತೋಟದ ಮನೆಗಳಲ್ಲಿಯೂ ಬಸದಿಯ ದಪ್ಪಗೋಡೆಯ ಒಳಕೋಣೆಗಳಲ್ಲಿಯೂ ಫೋನಿನ ಸಂಪರ್ಕವೇ ದುರ್ಲಭವೆಂಬುದು ಅಲ್ಲಿ ಕುಳಿತು ಕೆಲಸ ಮಾಡಿದವರಿಗೆ ಗೊತ್ತು. ಅಲ್ಲದೆ, ಗ್ರಂಥದ ಒಡೆಯರು ಚಿತ್ರಗಳನ್ನು ಪರಸ್ಥಳಕ್ಕೆ ಕಳುಹಿಸಕೂಡದೆಂಬ ಷರತ್ತಿನ ಮೇಲೆ ಅನುಮತಿ ನೀಡುವುದೂ ಉಂಟು. ಆದುದರಿಂದ ಸ್ಥಳದಲ್ಲಿಯೇ ಫೋನಿನಿಂದ ಹಾರ್ಡ್ ಡಿಸ್ಕಿಗೆ ಪ್ರತಿ ಮಾಡುವ ವಿಧಾನವನ್ನು ಪ್ರತಿಯೊಬ್ಬ ಹಸ್ತಪ್ರತಿ ಶೋಧಕನೂ ಅರಿತಿರುವುದು ಲೇಸು.

2. ಯಜಮಾನ ಮತ್ತು ಅಧೀನ

ಫೋನಿಗೂ ಹಾರ್ಡ್ ಡಿಸ್ಕಿಗೂ ಸಂಬಂಧ ಕಲ್ಪಿಸುವ ವ್ಯವಸ್ಥೆಗೆ ಯು.ಎಸ್.ಬಿ. ಎಂದು ಹೆಸರು. ಇದರ ಮೊದಲ ನಿಯಮಾವಳಿ 1996ರಲ್ಲಿ ಪ್ರಕಟವಾಯಿತು. ಈ ವ್ಯವಸ್ಥೆಯಲ್ಲಿ ಎರಡು ಸಾಧನಗಳು ಎಂದಿಗೂ ಸಮಾನ ಸ್ಕಂಧರಲ್ಲ. ಒಂದು ಯಜಮಾನ, ಇನ್ನೊಂದು ಅಧೀನ. ಯಜಮಾನನು ವಿದ್ಯುತ್ತನ್ನು ಕೊಡುತ್ತಾನೆ, 'ನೀನು ಯಾರು, ನಿನ್ನಲ್ಲಿ ಏನಿದೆ' ಎಂದು ವಿಚಾರಿಸುತ್ತಾನೆ, ಬರೆ ಎಂದಾಗ ಬರೆಯಿಸುತ್ತಾನೆ. ಅಧೀನ ಸಾಧನವು ಕೇಳಿದ್ದಕ್ಕೆ ಮಾತ್ರ ಉತ್ತರಿಸುತ್ತದೆ. ತಾನಾಗಿ ಮಾತು ತೆಗೆಯುವುದಿಲ್ಲ. ಕಂಪ್ಯೂಟರಿಗೆ ಹಾರ್ಡ್ ಡಿಸ್ಕನ್ನು ಜೋಡಿಸಿದಾಗ ಕಂಪ್ಯೂಟರು ಯಜಮಾನ. ಕಂಪ್ಯೂಟರಿಗೆ ಫೋನನ್ನು ಜೋಡಿಸಿದಾಗಲೂ ಸಾಮಾನ್ಯವಾಗಿ ಕಂಪ್ಯೂಟರೇ ಯಜಮಾನ, ಫೋನು ಅಧೀನ.

ಈಗ ಫೋನಿಗೆ ಹಾರ್ಡ್ ಡಿಸ್ಕನ್ನು ಜೋಡಿಸುವ ಪ್ರಸಂಗ ಬಂದಿತೆನ್ನಿ. ಹಾರ್ಡ್ ಡಿಸ್ಕು ಯಾವಾಗಲೂ ಅಧೀನವೇ. ಫೋನೂ ಅಧೀನವಾಗಿಯೇ ಉಳಿದರೆ ವಿಚಾರಿಸುವವರಾರು? ಎರಡೂ ಮೌನವಾಗಿ ಕುಳಿತಿರುತ್ತವೆ. ಆದುದರಿಂದ ಈ ಸಂದರ್ಭದಲ್ಲಿ ಫೋನು ಯಜಮಾನನ ಪಾತ್ರವನ್ನು ವಹಿಸಬೇಕು. ಒಬ್ಬನೇ ಪುರುಷನು ತನ್ನ ಮಗನ ಅಪೇಕ್ಷೆಯಿಂದ ತಂದೆಯೂ, ತನ್ನ ತಂದೆಯ ಅಪೇಕ್ಷೆಯಿಂದ ಮಗನೂ ಆಗುವನೆಂಬ ನಿದರ್ಶನವನ್ನು ಸ್ಯಾದ್ವಾದದ ಪಾಠ ಹೇಳುವಾಗ ನಾವೆಲ್ಲ ಕೊಡುತ್ತೇವೆ. ಫೋನಿನ ಸ್ಥಿತಿಯೂ ಹಾಗೆಯೇ. ಕಂಪ್ಯೂಟರಿನ ಅಪೇಕ್ಷೆಯಿಂದ ಅದು ಅಧೀನ, ಹಾರ್ಡ್ ಡಿಸ್ಕಿನ ಅಪೇಕ್ಷೆಯಿಂದ ಯಜಮಾನ. ಒಂದೇ ಸಾಧನವು ಹೀಗೆ ಎರಡು ಪಾತ್ರಗಳನ್ನು ವಹಿಸಬಹುದೆಂಬ ನಿಯಮವನ್ನು 2001ರಲ್ಲಿ ಯು.ಎಸ್.ಬಿ. ನಿಯಮಾವಳಿಗೆ ಪುರವಣಿಯಾಗಿ ಸೇರಿಸಲಾಯಿತು. ಅದನ್ನೇ ಅಂಗಡಿಗಳಲ್ಲಿ ಓ.ಟಿ.ಜಿ. ಎನ್ನುತ್ತಾರೆ.

ತಾನು ಯಾವ ಪಾತ್ರ ವಹಿಸಬೇಕೆಂಬುದು ಫೋನಿಗೆ ಹೇಗೆ ತಿಳಿಯುತ್ತದೆ? ಹಳೆಯ ಫೋನುಗಳಲ್ಲಿರುವ ಮೈಕ್ರೋ ಯು.ಎಸ್.ಬಿ. ಎಂಬ ಚಿಕ್ಕ ಕಿಂಡಿಯಲ್ಲಿ ಐದು ಲೋಹಸ್ಪರ್ಶಗಳಿವೆ. ಅವುಗಳಲ್ಲಿ ನಾಲ್ಕು ವಿದ್ಯುತ್ತಿಗೂ ಮಾಹಿತಿಗೂ ಮೀಸಲು. ಉಳಿದ ಒಂದು ಗುರುತಿಗಾಗಿ ಇರುವಂಥದು. ಓ.ಟಿ.ಜಿ. ಕೇಬಲ್ಲಿನಲ್ಲಿ ಈ ಗುರುತಿನ ಸ್ಪರ್ಶವನ್ನು ಭೂತಂತಿಗೆ ಸೇರಿಸಿರುತ್ತಾರೆ. ಚಾರ್ಜ್ ಮಾಡುವ ಸಾಮಾನ್ಯ ಕೇಬಲ್ಲಿನಲ್ಲಿ ಸೇರಿಸಿರುವುದಿಲ್ಲ. ಕೇಬಲ್ಲುಗಳು ನೋಡಲು ಒಂದೇ ತೆರನಾಗಿದ್ದರೂ ಒಂದು ಕೆಲಸ ಮಾಡಿ ಇನ್ನೊಂದು ಮಾಡದಿರುವುದಕ್ಕೆ ಇದೇ ಕಾರಣ. 2014ರಲ್ಲಿ ನಿಯಮಾವಳಿ ಪ್ರಕಟವಾದ, ಈಗಿನ ಹೊಸ ಫೋನುಗಳಲ್ಲೆಲ್ಲ ಕಾಣುವ, ಯಾವ ಮಗ್ಗುಲಿನಿಂದ ತೂರಿಸಿದರೂ ಹೊಂದುವ ಸಿ-ಮಾದರಿಯ ಕಿಂಡಿಯಲ್ಲಿ ಬೇರೆ ಏರ್ಪಾಟು ಇದೆ. ಅಲ್ಲಿ ಪಾತ್ರನಿರ್ಣಯಕ್ಕೆಂದೇ ಇರುವ ಸ್ಪರ್ಶಗಳಲ್ಲಿ ಎದುರು ಸಾಧನವು ತೋರುವ ವಿದ್ಯುತ್ ಪ್ರತಿರೋಧವನ್ನು ಅಳೆದು, ಎದುರಿರುವುದು ವಿದ್ಯುತ್ತನ್ನು ಕೊಡುವ ಸಾಧನವೋ ಪಡೆಯುವ ಸಾಧನವೋ ಎಂಬುದನ್ನು ಫೋನು ತಾನೇ ಗೊತ್ತುಮಾಡಿಕೊಳ್ಳುತ್ತದೆ.

ಇಲ್ಲಿ ಎರಡು ಸೂಚನೆಗಳು ಅವಶ್ಯ. ಮೊದಲನೆಯದು, ಚಾರ್ಜ್ ಮಾಡುವುದಕ್ಕೆಂದು ಮಾರುವ ಕೆಲವು ಅಗ್ಗದ ಕೇಬಲ್ಲುಗಳಲ್ಲಿ ಮಾಹಿತಿಯ ತಂತಿಗಳೇ ಇರುವುದಿಲ್ಲ. ಡಿಸ್ಕಿನ ದೀಪ ಹೊತ್ತಿಕೊಂಡರೂ ಫೋನಿಗೆ ಅದು ಕಾಣುವುದಿಲ್ಲ. ಎರಡನೆಯದು, ಕೆಲವು ತಯಾರಕರ ಫೋನುಗಳಲ್ಲಿ ಓ.ಟಿ.ಜಿ. ಸಂಪರ್ಕವನ್ನು ಸೆಟ್ಟಿಂಗ್ಸಿನಲ್ಲಿ ನಾವೇ ತೆರೆಯಬೇಕು. ಸ್ವಲ್ಪ ಹೊತ್ತು ಬಳಸದಿದ್ದರೆ ಅದು ತಾನಾಗಿ ಮುಚ್ಚಿಕೊಳ್ಳುತ್ತದೆ. ಬೆಳಿಗ್ಗೆ ಕಂಡ ಡಿಸ್ಕು ಮಧ್ಯಾಹ್ನ ಕಾಣದಾದಾಗ ಡಿಸ್ಕು ಕೆಟ್ಟಿತೆಂದು ಗಾಬರಿಯಾಗುವ ಮೊದಲು ಇದನ್ನು ಪರೀಕ್ಷಿಸಬೇಕು.

3. ವಿದ್ಯುತ್ತಿನ ಕೊರತೆ

ಯಜಮಾನನಾದವನು ಅಧೀನನ ಪೋಷಣೆಯ ಭಾರವನ್ನೂ ಹೊರಬೇಕಷ್ಟೆ. ಯು.ಎಸ್.ಬಿ. ವ್ಯವಸ್ಥೆಯಲ್ಲಿ ವಿದ್ಯುತ್ತು ಸಾಮಾನ್ಯವಾಗಿ 5 ವೋಲ್ಟಿನದು. ಎರಡನೆಯ ಆವೃತ್ತಿಯ ನಿಯಮದಂತೆ ಯಜಮಾನನಿಂದ ಕೇಳಬಹುದಾದ ಗರಿಷ್ಠ ಪ್ರಮಾಣ 500 ಮಿಲಿ ಆಂಪಿಯರ್. ಮೂರನೆಯ ಆವೃತ್ತಿಯಲ್ಲಿ 900 ಮಿಲಿ ಆಂಪಿಯರ್. ಆದರೆ ಫೋನಿನ ಬ್ಯಾಟರಿ ಚಿಕ್ಕದು; ಅನೇಕ ಫೋನುಗಳು ಇಷ್ಟನ್ನೂ ಕೊಡಲಾರವು.

ಹಾರ್ಡ್ ಡಿಸ್ಕಿನ ಒಳಗೆ ನುಣುಪಾದ ತಟ್ಟೆಗಳು ತಿರುಗುತ್ತಿರುತ್ತವೆ. ಜೇಬಿನಲ್ಲಿ ಒಯ್ಯಬಹುದಾದ ಎರಡೂವರೆ ಅಂಗುಲದ ಡಿಸ್ಕುಗಳಲ್ಲಿ ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು. ನಿಂತಿದ್ದ ತಟ್ಟೆಯನ್ನು ಈ ವೇಗಕ್ಕೆ ತರುವ ಮೊದಲ ಕೆಲವು ಕ್ಷಣಗಳಲ್ಲಿ ಅದಕ್ಕೆ ಸುಮಾರು 1 ಆಂಪಿಯರ್ ಬೇಕಾಗಬಹುದು. ಭಾರದ ಬಂಡಿಯನ್ನು ಎಳೆಯುತ್ತಿರುವುದಕ್ಕಿಂತ ಮೊದಲು ಹೊರಡಿಸುವುದಕ್ಕೆ ಎತ್ತುಗಳು ಹೆಚ್ಚು ಬಲ ಹಾಕಬೇಕಾಗುವಂತೆಯೇ ಇದು. ಫೋನು ಅಷ್ಟನ್ನು ಕೊಡಲಾರದಾದರೆ ತಟ್ಟೆ ಅರ್ಧ ವೇಗಕ್ಕೇರಿ ನಿಲ್ಲುತ್ತದೆ, ಮತ್ತೆ ಪ್ರಯತ್ನಿಸುತ್ತದೆ, ಮತ್ತೆ ನಿಲ್ಲುತ್ತದೆ. ಒಳಗಿನಿಂದ 'ಟಿಕ್ ಟಿಕ್' ಎಂಬ ಸದ್ದು ಕೇಳಿಸುತ್ತದೆ. ಆ ಸದ್ದು ಕಿವಿಗೆ ಬಿದ್ದೊಡನೆ ಕೇಬಲ್ಲನ್ನು ಬಿಡಿಸುವುದು ಉತ್ತಮ. ಹಾಗೆಯೇ ಬಿಟ್ಟರೆ ಡಿಸ್ಕಿಗೆ ಹಾನಿ.

ಇದಕ್ಕೆ ಪರಿಹಾರಗಳು ಮೂರು. ಒಂದು, ತಿರುಗುವ ಭಾಗಗಳಿಲ್ಲದ ಎಸ್.ಎಸ್.ಡಿ. ಎಂಬ ಸಂಗ್ರಾಹಕವನ್ನು ಬಳಸುವುದು. ಇದಕ್ಕೆ ಹೊರಡುವಾಗಿನ ಹೆಚ್ಚಿನ ವಿದ್ಯುತ್ತು ಬೇಕಾಗದು. ಬೆಲೆ ಹೆಚ್ಚಾದರೂ ಊರೂರು ಸುತ್ತುವವರಿಗೆ ಇದೇ ಅನುಕೂಲ. ಎರಡು, ಸ್ವಂತ ವಿದ್ಯುತ್ತುಳ್ಳ ಹಬ್ಬನ್ನು ನಡುವೆ ಇರಿಸುವುದು. ಹಬ್ಬಿಗೆ ಗೋಡೆಯ ಪ್ಲಗ್ಗಿನಿಂದಲೋ ಪವರ್ ಬ್ಯಾಂಕಿನಿಂದಲೋ ವಿದ್ಯುತ್ತು ಒದಗುತ್ತದೆ. ಡಿಸ್ಕು ಅದರಿಂದ ಪೋಷಣೆ ಪಡೆಯುತ್ತದೆ. ಫೋನು ವಿಚಾರಣೆಯ ಕೆಲಸವನ್ನು ಮಾತ್ರ ಮಾಡುತ್ತದೆ. ಮೂರು, ಇಬ್ಬಾಯಿಯ ಕೇಬಲ್ಲು: ಒಂದು ಬಾಯಿ ಫೋನಿಗೆ, ಇನ್ನೊಂದು ಪವರ್ ಬ್ಯಾಂಕಿಗೆ. ಮೇಜಿನ ಮೇಲಿಡುವ ಮೂರೂವರೆ ಅಂಗುಲದ ದೊಡ್ಡ ಡಿಸ್ಕುಗಳಿಗೆ 12 ವೋಲ್ಟಿನ ಪೂರೈಕೆಯೂ ಬೇಕಾದ್ದರಿಂದ ಅವುಗಳೊಡನೆ ಬಂದ ಅಡಾಪ್ಟರನ್ನು ಗೋಡೆಗೆ ಜೋಡಿಸಿದ ಹೊರತು ಅವು ನಡೆಯಲಾರವು.

4. ಡಿಸ್ಕಿನ ಬರವಣಿಗೆಯ ಕ್ರಮ

ಕೇಬಲ್ಲು ಸರಿಯಾಗಿದೆ, ವಿದ್ಯುತ್ತು ಸಾಕಷ್ಟಿದೆ; ಆದರೂ ಫೋನು ಡಿಸ್ಕನ್ನು ಓದಲಾರೆನೆನ್ನುವ ಪ್ರಸಂಗವುಂಟು. ಒಂದೇ ಶ್ಲೋಕವನ್ನು ಕನ್ನಡ, ಗ್ರಂಥ, ತಿಗಳಾರಿ, ನಾಗರಿ ಲಿಪಿಗಳಲ್ಲಿ ಬರೆಯಬಹುದು. ನಾಗರಿಯನ್ನು ಮಾತ್ರ ಬಲ್ಲವನಿಗೆ ತಿಗಳಾರಿಯ ಗರಿಯಲ್ಲಿ ಗೆರೆಗಳು ಕಾಣುತ್ತವೆಯೇ ಹೊರತು ಶ್ಲೋಕ ಕಾಣದು. ಡಿಸ್ಕಿನಲ್ಲಿಯೂ ಕಡತಗಳನ್ನು ಎಲ್ಲೆಲ್ಲಿ ಇರಿಸಿದೆ, ಅವುಗಳ ಹೆಸರೇನು, ಉದ್ದವೆಷ್ಟು ಎಂಬುದನ್ನು ದಾಖಲಿಸುವ ಕ್ರಮಗಳು ಹಲವಿವೆ. ಡಿಸ್ಕನ್ನು ಫಾರ್ಮ್ಯಾಟ್ ಮಾಡುವುದೆಂದರೆ ಈ ಕ್ರಮಗಳಲ್ಲಿ ಒಂದನ್ನು ಅದರ ಮೇಲೆ ಸ್ಥಾಪಿಸುವುದು.

ನಮಗೆ ತಿಳಿದಿರಬೇಕಾದವು ಮೂರು. ಫ್ಯಾಟ್-32 ಎಂಬುದು ಹಳೆಯದು. ಬಹುಮಟ್ಟಿಗೆ ಎಲ್ಲ ಸಾಧನಗಳೂ ಇದನ್ನು ಓದಬಲ್ಲವು. ಆದರೆ ಇದರಲ್ಲಿ ಒಂದು ಕಡತವು 4 ಜಿ.ಬಿ.ಯಷ್ಟು ದೊಡ್ಡದಾಗುವಂತಿಲ್ಲ. ಬಿಡಿ ಚಿತ್ರಗಳಿಗೆ ಇದರಿಂದ ತೊಂದರೆಯಿಲ್ಲವಾದರೂ ಇಡೀ ಕಟ್ಟಿನ ಚಿತ್ರಗಳನ್ನು ಒಂದೇ ಕಡತವಾಗಿ ಕಟ್ಟಿದಾಗ ತೊಂದರೆಯಾಗುತ್ತದೆ. ಎನ್.ಟಿ.ಎಫ್.ಎಸ್. ಎಂಬುದು ವಿಂಡೋಸ್ ಕಂಪ್ಯೂಟರುಗಳ ಕ್ರಮ. ಅಂಗಡಿಯಿಂದ ತಂದ ಡಿಸ್ಕುಗಳಲ್ಲಿ ಬಹುವಾಗಿ ಇದೇ ಇರುತ್ತದೆ, ಅನೇಕ ಆಂಡ್ರಾಯ್ಡ್ ಫೋನುಗಳು ಇದನ್ನು ಓದುವುದಿಲ್ಲ. ಎಕ್ಸ್‌ಫ್ಯಾಟ್ ಎಂಬುದನ್ನು ಮೈಕ್ರೋಸಾಫ್ಟ್ ಕಂಪನಿಯು 2006ರಲ್ಲಿ ಬಳಕೆಗೆ ತಂದು, 2019ರಲ್ಲಿ ಅದರ ನಿಯಮಾವಳಿಯನ್ನು ಎಲ್ಲರಿಗೂ ಪ್ರಕಟಿಸಿತು. ಆ ಬಳಿಕ ಆಂಡ್ರಾಯ್ಡಿಗೆ ತಳಹದಿಯಾದ ಲಿನಕ್ಸಿನಲ್ಲಿಯೂ ಅದಕ್ಕೆ ಸ್ಥಾನ ದೊರೆಯಿತು. 4 ಜಿ.ಬಿ.ಯ ಮಿತಿ ಇದಕ್ಕಿಲ್ಲ. ಈಚಿನ ಫೋನುಗಳೂ ವಿಂಡೋಸ್ ಮತ್ತು ಆಪಲ್ ಕಂಪ್ಯೂಟರುಗಳೂ ಇದನ್ನು ಓದಬಲ್ಲವು. ಆದುದರಿಂದ ಹಸ್ತಪ್ರತಿ ಕಾರ್ಯಕ್ಕೆ ಒಯ್ಯುವ ಡಿಸ್ಕನ್ನು ಎಕ್ಸ್‌ಫ್ಯಾಟ್ ಕ್ರಮದಲ್ಲಿ ಸಿದ್ಧಪಡಿಸಿಕೊಳ್ಳುವುದು ಯುಕ್ತ. ಫೋನು ಹಳೆಯದಾದರೆ ಅದು ಇದನ್ನು ಓದುತ್ತದೆಯೇ ಎಂದು ಮನೆಯಲ್ಲಿಯೇ ಪರೀಕ್ಷಿಸಿಕೊಳ್ಳಬೇಕು.

ಆಪಲ್ ಕಂಪನಿಯ ಐಫೋನ್ ಮತ್ತು ಐಪ್ಯಾಡ್‌ಗಳಲ್ಲಿ 'ಫೈಲ್ಸ್' ಎಂಬ ಅನ್ವಯದ ಮೂಲಕ ಹೊರಗಿನ ಡಿಸ್ಕನ್ನು ಬಳಸುವ ಅನುಕೂಲವು 2019ರ ಆವೃತ್ತಿಯಿಂದ ಬಂದಿದೆ. ಅವುಗಳಿಗೆ ಜೋಡಿಸುವ ಡಿಸ್ಕಿನಲ್ಲಿ ಮಾಹಿತಿಯ ವಿಭಾಗ ಒಂದೇ ಇರಬೇಕು. ಐಫೋನಿಗೆ ಸಿ-ಮಾದರಿಯ ಕಿಂಡಿ ಬಂದದ್ದು 2023ರಲ್ಲಿ. ಅದಕ್ಕೂ ಹಿಂದಿನವುಗಳಿಗೆ ಬೇರೆ ಅಡಾಪ್ಟರು ಬೇಕು, ಅದರಲ್ಲಿಯೂ ವಿದ್ಯುತ್ತನ್ನು ಸೇರಿಸಲು ಕಿಂಡಿಯುಳ್ಳದ್ದೇ ಮೇಲು.

ಇಲ್ಲಿಯೇ ಅತ್ಯಂತ ದೊಡ್ಡ ಅಪಾಯವೊಂದು ಅಡಗಿದೆ. ತನಗೆ ತಿಳಿಯದ ಕ್ರಮದ ಡಿಸ್ಕನ್ನು ಕಂಡಾಗ ಆಂಡ್ರಾಯ್ಡ್ ಫೋನು, 'ಇದನ್ನು ಓದಲಾಗದು, ಸಿದ್ಧಪಡಿಸಲೇ, ಫಾರ್ಮ್ಯಾಟ್ ಮಾಡಲೇ' ಎಂಬ ಅರ್ಥದ ಪ್ರಶ್ನೆಯನ್ನು ತೆರೆಯ ಮೇಲೆ ತೋರಿಸುತ್ತದೆ. ಉಪಚಾರದ ಮಾತಿನಂತೆ ತೋರುವ ಈ ಪ್ರಶ್ನೆಗೆ ಸಮ್ಮತಿಸಿದರೆ ಡಿಸ್ಕಿನಲ್ಲಿ ಮೊದಲೇ ಇದ್ದ ಎಲ್ಲವೂ ಅಳಿಸಿಹೋಗುತ್ತದೆ. ಹಿಂದಿನ ಹತ್ತು ಭಂಡಾರಗಳ ಚಿತ್ರಗಳು ಆ ಡಿಸ್ಕಿನಲ್ಲಿದ್ದರೆ ಅವೂ ಹೋದಂತೆಯೇ. ಆದುದರಿಂದ ಕ್ಷೇತ್ರದಲ್ಲಿರುವಾಗ ಈ ಪ್ರಶ್ನೆಗೆ ಎಂದಿಗೂ ಹೌದೆನ್ನಬಾರದು; ಕೇಬಲ್ಲನ್ನು ಬಿಡಿಸಿ ಸುಮ್ಮನಿರಬೇಕು. ಫಾರ್ಮ್ಯಾಟ್ ಮಾಡುವ ಕೆಲಸವು ಯಾತ್ರೆಗೆ ಹೊರಡುವ ಮುನ್ನ, ಮನೆಯ ಕಂಪ್ಯೂಟರಿನಲ್ಲಿ, ಬರಿದಾದ ಡಿಸ್ಕಿಗೆ ಮಾಡುವಂಥದು.

5. ಒಂದು ಪ್ರಮಾದ

ಕೆಲವು ವರ್ಷಗಳ ಹಿಂದೆ ಕರಾವಳಿಯ ಒಬ್ಬ ಶ್ರಾವಕರ ಮನೆಯಲ್ಲಿ ವ್ರತಕಥೆಗಳ ಒಂದು ಕಟ್ಟನ್ನು ನೋಡುವ ಅವಕಾಶ ನನಗೆ ದೊರೆಯಿತು. ಮನೆಯ ಹಿರಿಯರು ಒಂದು ದಿನದ ಮಟ್ಟಿಗೆ ಅನುಮತಿ ಕೊಟ್ಟರು. ಮೇಲೆ ಹೇಳಿದ 186 ಗರಿಗಳ ಲೆಕ್ಕ ಆ ಕಟ್ಟಿನದೇ. ಮಧ್ಯಾಹ್ನದ ಹೊತ್ತಿಗೆ ಫೋನಿನಲ್ಲಿ ಜಾಗ ಮುಗಿಯಿತು. ಡಿಸ್ಕನ್ನು ಜೋಡಿಸಿ, ಅಲ್ಲಿಯವರೆಗಿನ ಚಿತ್ರಗಳನ್ನು ಡಿಸ್ಕಿಗೆ ಸಾಗಿಸಿದೆ. ಆಗ ಏನೂ ಅನಾಹುತವಾಗಲಿಲ್ಲ. ಸಂಜೆ ಕೊನೆಯ ಗರಿಗಳನ್ನು ಮುಗಿಸಿ ಅವುಗಳನ್ನೂ ಹಾಗೆಯೇ ಸಾಗಿಸಿದೆ. ತೆರೆಯ ಮೇಲಿನ ಪಟ್ಟಿ ತುಂಬಿತು, ಬಸ್ಸಿನ ಹೊತ್ತಾಗಿತ್ತು, ಕೇಬಲ್ಲನ್ನು ಕಿತ್ತು ಚೀಲಕ್ಕೆ ಹಾಕಿಕೊಂಡು ಹೊರಟೆ.

ಮನೆಗೆ ಬಂದು ನೋಡಿದಾಗ ಕೊನೆಯ 31 ಗರಿಗಳ ಚಿತ್ರಗಳಿಗೆ ಹೆಸರುಗಳಿದ್ದವು, ಒಳಗೆ ಏನೂ ಇರಲಿಲ್ಲ. ಫೋನಿನಲ್ಲಿಯೂ ಇರಲಿಲ್ಲ. ಮಳೆಗಾಲ ಕಳೆದ ಮೇಲೆ ಮತ್ತೆ ಆ ಮನೆಗೆ ಹೋದೆ. ಅಟ್ಟದ ಮೂಲೆಯಲ್ಲಿ ಸೋರಿಕೆಯಾಗಿ ಕಟ್ಟಿನ ಕೆಳಭಾಗ ತೇವದಿಂದ ಅಂಟಿಕೊಂಡಿತ್ತು. 14 ಗರಿಗಳನ್ನು ಬಿಡಿಸಲಾಗಲಿಲ್ಲ. ಬರೆದವನ ಹೆಸರು, ಬರೆಯಿಸಿದವರ ಹೆಸರು, ಸಂವತ್ಸರ, ಊರು ಇವುಗಳನ್ನು ತಿಳಿಸುವ ಕೊನೆಯ ಗದ್ಯವು ಆ ಗರಿಗಳಲ್ಲಿಯೇ ಇತ್ತು. ಛಾಯಾಚಿತ್ರ ತೆಗೆಯುವಾಗ ಅದನ್ನು ಕಣ್ಣಾರೆ ಕಂಡಿದ್ದೆ. ಮನೆಯಲ್ಲಿ ಓದಿದರಾಯಿತೆಂದು ಬರೆದುಕೊಳ್ಳಲಿಲ್ಲ. ತಪ್ಪು ಯಂತ್ರದ್ದಲ್ಲ, ಮನೆಯವರದ್ದೂ ಅಲ್ಲ, ಪೂರ್ಣವಾಗಿ ನನ್ನದು.

ಈ ತಪ್ಪಿನಲ್ಲಿ ಎರಡು ಅಂಶಗಳಿವೆ. ಮೊದಲನೆಯದು, ನಾನು ಪ್ರತಿ ಮಾಡಲಿಲ್ಲ, ಸಾಗಿಸಿದೆ. ಫೋನಿನಲ್ಲಿ ಕಡತವನ್ನು 'ಕಾಪಿ' ಮಾಡಿದರೆ ಮೂಲವು ಉಳಿಯುತ್ತದೆ. 'ಮೂವ್' ಅಥವಾ 'ಕಟ್' ಮಾಡಿದರೆ, ಬರೆದಾಯಿತೆಂದು ಫೋನು ಭಾವಿಸಿದೊಡನೆ ಮೂಲವನ್ನು ಅಳಿಸಿಬಿಡುತ್ತದೆ. ಲಿಪಿಕಾರನು ಹೊಸ ಪ್ರತಿಯನ್ನು ಬರೆಯುತ್ತ ಬರೆಯುತ್ತ ಹಳೆಯ ಗರಿಗಳನ್ನು ಒಲೆಗೆ ಹಾಕುತ್ತ ಹೋದಂತೆ ಇದು. ಎರಡನೆಯದು, ಡಿಸ್ಕನ್ನು ಬಿಡುಗಡೆ ಮಾಡದೆ ಕಿತ್ತೆ. ವೇಗದ ಸಲುವಾಗಿ ಫೋನು ಬರೆಯಬೇಕಾದುದನ್ನು ತನ್ನ ತಾತ್ಕಾಲಿಕ ಸ್ಮರಣೆಯಲ್ಲಿ ಹಿಡಿದುಕೊಂಡು, ಸ್ವಲ್ಪ ಹಿಂದಿನಿಂದ ಡಿಸ್ಕಿಗೆ ಬರೆಯುತ್ತಿರುತ್ತದೆ. ತೆರೆಯ ಪಟ್ಟಿ ತುಂಬಿದ ಕ್ಷಣಕ್ಕೆ ಡಿಸ್ಕಿನ ಬರವಣಿಗೆ ಮುಗಿದಿರಬೇಕೆಂಬ ನಿಯಮವಿಲ್ಲ. ಸೂಚಿಯಲ್ಲಿ ಹೆಸರು ದಾಖಲಾಗಿ, ಗ್ರಂಥ ಇನ್ನೂ ಬಾರದೆ ಇರುವ ಸ್ಥಿತಿ ಅದು. ಆಂಡ್ರಾಯ್ಡ್ ಫೋನುಗಳಲ್ಲಿ ತೆರೆಯ ಮೇಲಿನ ಸೂಚನೆಯಲ್ಲಾಗಲಿ ಸಂಗ್ರಹದ ಸೆಟ್ಟಿಂಗ್ಸಿನಲ್ಲಾಗಲಿ 'ಇಜೆಕ್ಟ್' ಎಂಬುದನ್ನು ಒತ್ತಿದರೆ, ಉಳಿದುದನ್ನೆಲ್ಲ ಬರೆದು ಮುಗಿಸಿ, ಇನ್ನು ತೆಗೆಯಬಹುದೆಂದು ಫೋನು ತಿಳಿಸುತ್ತದೆ. ಇಂತಹ ಗುಂಡಿಯಿಲ್ಲದ ಸಾಧನಗಳಲ್ಲಿ ಪ್ರತಿಕಾರ್ಯ ಮುಗಿದ ಮೇಲೆ ಡಿಸ್ಕಿನ ದೀಪ ಮಿನುಗುವುದು ನಿಂತು ಒಂದೆರಡು ನಿಮಿಷ ಕಳೆಯುವವರೆಗೆ ಕಾಯಬೇಕು.

6. ಪ್ರತಿಯ ಪರೀಕ್ಷೆ

ನಮ್ಮ ಪ್ರಾಚೀನ ಲಿಪಿಕಾರರು ಗ್ರಂಥಾಂತ್ಯದಲ್ಲಿ ಗ್ರಂಥಾಗ್ರವನ್ನು ನಮೂದಿಸುತ್ತಿದ್ದುದು ವಿದ್ವಾಂಸರಿಗೆ ತಿಳಿದದ್ದೇ. 32 ಅಕ್ಷರಗಳಿಗೆ ಒಂದು ಗ್ರಂಥವೆಂದು ಎಣಿಸಿ, ಒಟ್ಟು ಇಷ್ಟು ಎಂದು ಬರೆದಿಟ್ಟರೆ ಮುಂದಿನ ಪ್ರತಿಕಾರನು ಲೋಪವಾಗಿದೆಯೇ, ಪ್ರಕ್ಷೇಪವಾಗಿದೆಯೇ ಎಂದು ತಾಳೆ ನೋಡಬಹುದಾಗಿತ್ತು. ಇದೇ ತತ್ತ್ವ ಇಂದಿನ ಕಡತಗಳಿಗೂ ಅನ್ವಯಿಸುತ್ತದೆ. ಕನಿಷ್ಠ ಪಕ್ಷ, ಫೋನಿನ ಕಡತಗಳ ಸಂಖ್ಯೆಯೂ ಒಟ್ಟು ಗಾತ್ರವೂ ಡಿಸ್ಕಿನಲ್ಲಿರುವುವುಗಳಿಗೆ ಸರಿಹೊಂದುತ್ತವೆಯೇ ಎಂದು ನೋಡಬೇಕು. ಬಳಿಕ ಡಿಸ್ಕನ್ನು ಬಿಡುಗಡೆ ಮಾಡಿ, ಕೇಬಲ್ಲನ್ನು ತೆಗೆದು, ಮತ್ತೆ ಜೋಡಿಸಿ, ಮೊದಲ, ನಡುವಿನ ಮತ್ತು ಕೊನೆಯ ಚಿತ್ರಗಳನ್ನು ಡಿಸ್ಕಿನಿಂದಲೇ ತೆರೆದು ನೋಡಬೇಕು. ಮತ್ತೆ ಜೋಡಿಸಿ ನೋಡಬೇಕೆಂದದ್ದಕ್ಕೆ ಕಾರಣವಿದೆ: ಮೊದಲೇ ನೋಡಿದರೆ ಫೋನಿನ ತಾತ್ಕಾಲಿಕ ಸ್ಮರಣೆಯಲ್ಲಿರುವುದೇ ಕಾಣಬಹುದು, ಡಿಸ್ಕಿನದಲ್ಲ.

ಇದಕ್ಕಿಂತ ಸೂಕ್ಷ್ಮವಾದ ಪರೀಕ್ಷೆಯೂ ಇದೆ. ಕಡತದ ಸಮಸ್ತ ಮಾಹಿತಿಯನ್ನು ಗಣಿತವಿಧಾನದಿಂದ ಸಂಸ್ಕರಿಸಿ ಒಂದು ಗುರುತುಸಂಖ್ಯೆಯನ್ನು ಪಡೆಯಬಹುದು. ಎಸ್.ಎಚ್.ಎ.-256 ಎಂಬ ವಿಧಾನದಲ್ಲಿ ಇದನ್ನು 64 ಅಂಕಾಕ್ಷರಗಳಲ್ಲಿ ಬರೆಯುತ್ತಾರೆ. ಚಿತ್ರದಲ್ಲಿ ಒಂದು ಬಿಂದು ಬದಲಾದರೂ ಈ ಸಂಖ್ಯೆ ಪೂರ್ಣವಾಗಿ ಬೇರೆಯಾಗುತ್ತದೆ. ಮೂಲದ ಸಂಖ್ಯೆಯೂ ಪ್ರತಿಯ ಸಂಖ್ಯೆಯೂ ಒಂದೇ ಆಗಿದ್ದರೆ ಪ್ರತಿ ನಿರ್ದುಷ್ಟವೆಂದು ನಂಬಬಹುದು. ಕಂಪ್ಯೂಟರಿನಲ್ಲಿ ಇದನ್ನು ತಯಾರಿಸಿ, ಒಂದು ಪಟ್ಟಿಯಾಗಿ ಚಿತ್ರಗಳ ಜೊತೆಯಲ್ಲಿಯೇ ಇರಿಸಿದರೆ ಅದೇ ಆ ಸಂಗ್ರಹದ ಗ್ರಂಥಾಗ್ರವಾಗುತ್ತದೆ.

ಹೆಸರಿಡುವ ವಿಷಯದಲ್ಲಿಯೂ ಒಂದು ಮಾತು. ಫೋನು ತಾನಾಗಿ ಕೊಡುವ ಹೆಸರಿನಿಂದ ಯಾವ ಭಂಡಾರದ ಎಷ್ಟನೆಯ ಗರಿ ಎಂಬುದು ತಿಳಿಯದು. ಪ್ರತಿ ಮಾಡುವಾಗ ದಿನಾಂಕವೂ ಬದಲಾಗಬಹುದು. ಭಂಡಾರದ ಸಂಕೇತ, ಕಟ್ಟಿನ ಸಂಖ್ಯೆ, ಗರಿಯ ಸಂಖ್ಯೆ, ಬದಿ, ಭಾಗ ಈ ಅನುಕ್ರಮದಲ್ಲಿ ಹೆಸರಿಸಿದರೆ ನಡುವೆ ಗರಿ ಬಿಟ್ಟುಹೋದದ್ದು ಕೂಡಲೇ ಗೋಚರಿಸುತ್ತದೆ. ಗರಿ 45ರ ಮುಂಬದಿಯನ್ನು ನಾವು ಸೂಚಿಗಳಲ್ಲಿ ಓರೆಗೆರೆ ಹಾಕಿ ಬರೆಯುವುದುಂಟು. ಕಡತದ ಹೆಸರಿನಲ್ಲಿ ಓರೆಗೆರೆ, ಪ್ರಶ್ನಚಿಹ್ನೆ, ವಿವರಣಚಿಹ್ನೆಗಳು ನಿಷಿದ್ಧ. ಕಿರುಗೆರೆಯನ್ನು ಬಳಸಬೇಕು. ಸಂಖ್ಯೆಗಳನ್ನು 045 ಎಂದು ಸಮನಾದ ಸ್ಥಾನಗಳಲ್ಲಿ ಬರೆದರೆ ಕಡತಗಳು ಸರಿಯಾದ ಕ್ರಮದಲ್ಲಿ ನಿಲ್ಲುತ್ತವೆ.

7. ಡಿಸ್ಕಿನ ಸಂರಕ್ಷಣೆ

ಹಾರ್ಡ್ ಡಿಸ್ಕು ತಿರುಗುತ್ತಿರುವಾಗ ಓದುವ ಮೊನೆಯು ತಟ್ಟೆಯನ್ನು ಮುಟ್ಟದೆ, ಕೂದಲೆಳೆಯ ದಪ್ಪದ ಸಾವಿರದಲ್ಲೊಂದು ಭಾಗಕ್ಕಿಂತಲೂ ಕಡಿಮೆ ಅಂತರದಲ್ಲಿ ತೇಲುತ್ತಿರುತ್ತದೆ. ಆಗ ಡಿಸ್ಕನ್ನು ಎತ್ತಿದರೆ, ತಟ್ಟಿದರೆ, ಕೆಡವಿದರೆ ಮೊನೆಯು ತಟ್ಟೆಯನ್ನು ಗೀರಿ ಮಾಹಿತಿಯನ್ನು ನಾಶಮಾಡಬಹುದು. ಆದುದರಿಂದ ಜೋಡಣೆಯ ಕಾಲದಲ್ಲಿ ಡಿಸ್ಕನ್ನು ಸಮತಲದಲ್ಲಿ, ಓಲೆಗಳಿಂದ ದೂರದಲ್ಲಿ, ಯಾರ ಕಾಲಿಗೂ ಕೇಬಲ್ಲು ಸಿಗದಂತೆ ಇರಿಸಬೇಕು. ಎಸ್.ಎಸ್.ಡಿ.ಗೆ ಈ ಭಯವಿಲ್ಲ. ಆದರೆ ಅದನ್ನು ವರ್ಷಗಟ್ಟಲೆ ವಿದ್ಯುತ್ತಿಲ್ಲದೆ ಪೆಟ್ಟಿಗೆಯಲ್ಲಿ ಮುಚ್ಚಿಟ್ಟರೆ ಒಳಗಿನ ಮಾಹಿತಿ ಕ್ಷೀಣಿಸಬಹುದು. ಯಾತ್ರೆಗೆ ಎಸ್.ಎಸ್.ಡಿ., ಮನೆಯ ದೀರ್ಘ ಸಂಗ್ರಹಕ್ಕೆ ಹಾರ್ಡ್ ಡಿಸ್ಕು ಎಂದು ವಿಂಗಡಿಸಿಕೊಳ್ಳುವುದು ಒಳಿತು.

ಯಾವುದಾದರೂ ಆಗಲಿ, ಒಂದೇ ಪ್ರತಿಯನ್ನು ನಂಬಬಾರದು. ಮೂರು ಪ್ರತಿಗಳು, ಎರಡು ಬಗೆಯ ಸಾಧನಗಳಲ್ಲಿ, ಒಂದಾದರೂ ಬೇರೆ ಊರಿನಲ್ಲಿ ಎಂಬುದು ಇಂದಿನ ಸಂಗ್ರಹಾಲಯಗಳ ನಿಯಮ. ನಮ್ಮ ಸಮಾಜಕ್ಕೆ ಇದು ಹೊಸ ಪಾಠವಲ್ಲ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದ ಅತ್ತಿಮಬ್ಬೆಯು ಶಾಸ್ತ್ರದಾನದ ಪುಣ್ಯದೊಡನೆ ಗ್ರಂಥರಕ್ಷಣೆಯ ಮಾರ್ಗವನ್ನೂ ತೋರಿಸಿದಳು. ಇದಕ್ಕೆ ವ್ಯತಿರಿಕ್ತವಾದ ನಿದರ್ಶನವೂ ನಮ್ಮಲ್ಲಿಯೇ ಇದೆ. ಧವಲಾದಿ ಸಿದ್ಧಾಂತಗ್ರಂಥಗಳ ಓಲೆಪ್ರತಿಗಳು ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಮಾತ್ರ ಉಳಿದಿದ್ದು, ದರ್ಶನಕ್ಕಷ್ಟೇ ದೊರೆಯುತ್ತಿದ್ದ ಕಾಲವೊಂದಿತ್ತು. 19ನೆಯ ಶತಮಾನದ ಕೊನೆಯಲ್ಲಿ ಪ್ರತಿ ಮಾಡುವ ಕಾರ್ಯ ಆರಂಭವಾಗಿ, ಹಲವು ವರ್ಷ ನಡೆದು, ಆ ಪ್ರತಿಗಳ ಆಧಾರದಿಂದ 1939ರಲ್ಲಿ ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಧವಲೆಯ ಮೊದಲ ಸಂಪುಟ ಅಚ್ಚಾಯಿತು. ಆ ಒಂದು ಬಸದಿಗೆ ಅದಕ್ಕೆ ಮೊದಲು ಬೆಂಕಿಯೋ ನೀರೋ ಮುಟ್ಟಿದ್ದರೆ ನಮಗೆ ಏನು ಉಳಿಯುತ್ತಿತ್ತೆಂಬುದನ್ನು ಊಹಿಸಲೂ ಮನಸ್ಸು ಹಿಂಜರಿಯುತ್ತದೆ.

ಉಪಸಂಹಾರ

ಮೇಲಿನ ವಿಷಯವನ್ನು ಸಂಗ್ರಹಿಸಿ ಹೇಳುವುದಾದರೆ, ಹೊರಡುವ ಮುನ್ನ ಡಿಸ್ಕನ್ನು ಎಕ್ಸ್‌ಫ್ಯಾಟ್ ಕ್ರಮದಲ್ಲಿ ಸಿದ್ಧಪಡಿಸಿ, ಅದೇ ಫೋನು, ಅದೇ ಕೇಬಲ್ಲಿನಿಂದ ಮನೆಯಲ್ಲಿ ಒಮ್ಮೆ ಪರೀಕ್ಷಿಸಬೇಕು. ವಿದ್ಯುತ್ತಿಗೆ ಹಬ್ಬನ್ನಾಗಲಿ ಪವರ್ ಬ್ಯಾಂಕನ್ನಾಗಲಿ ಜೊತೆಯಲ್ಲಿರಿಸಿಕೊಳ್ಳಬೇಕು. ಸ್ಥಳದಲ್ಲಿ ಪ್ರತಿ ಮಾಡಬೇಕು, ಸಾಗಿಸಬಾರದು. ಬಿಡುಗಡೆ ಮಾಡಿದ ಮೇಲೆ ತೆಗೆಯಬೇಕು, ಮತ್ತೆ ಜೋಡಿಸಿ ನೋಡಬೇಕು. ಎರಡನೆಯ ಪ್ರತಿ ಸಿದ್ಧವಾಗುವವರೆಗೆ ಫೋನಿನಲ್ಲಿರುವುದನ್ನು ಅಳಿಸಬಾರದು. ಜಾಗ ಸಾಲದೆ ಅಳಿಸಲೇಬೇಕಾದೀತೆಂಬ ಭಯವಿದ್ದರೆ ಎರಡು ಡಿಸ್ಕುಗಳನ್ನು ಒಯ್ಯಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಗ್ರಂಥದ ಆದಿ ಅಂತ್ಯಗಳನ್ನೂ ಕೊನೆಯ ಗದ್ಯವನ್ನೂ ಅಲ್ಲಿಯೇ ಕುಳಿತು ಕೈಯಿಂದ ಕಾಗದದ ಮೇಲೆ ಬರೆದುಕೊಳ್ಳಬೇಕು. ಹಾಗೆ ಬರೆದುಕೊಂಡಿದ್ದರೆ ಆ ವ್ರತಕಥೆಗಳ ಲಿಪಿಕಾರನ ಹೆಸರನ್ನು ಇಂದು ನಾನು ಈ ಪುಟದಲ್ಲಿ ಮುದ್ರಿಸಬಹುದಾಗಿತ್ತು.

ಜ್ಯೇಷ್ಠ ಶುಕ್ಲ ಪಂಚಮಿಯಂದು, ಶ್ರುತಪಂಚಮಿಯ ನಿಮಿತ್ತ, ಭಂಡಾರಗಳ ಗ್ರಂಥಗಳನ್ನು ಹೊರತೆಗೆದು, ಧೂಳು ಒರೆಸಿ, ಹೊಸ ಬಟ್ಟೆಯಲ್ಲಿ ಕಟ್ಟಿ ಪೂಜಿಸುವ ಸಂಪ್ರದಾಯ ನಮ್ಮಲ್ಲಿದೆ. ಅದೇ ದಿನ ಡಿಸ್ಕುಗಳನ್ನೂ ಹೊರತೆಗೆದು, ಜೋಡಿಸಿ, ಗುರುತುಸಂಖ್ಯೆಗಳನ್ನು ತಾಳೆ ನೋಡಿ, ದುರ್ಬಲವಾದವುಗಳಿಂದ ಹೊಸ ಡಿಸ್ಕಿಗೆ ಪ್ರತಿ ಮಾಡಿಡುವ ರೂಢಿಯನ್ನು ಭಂಡಾರಗಳ ವ್ಯವಸ್ಥಾಪಕರೂ ಪಂಡಿತರೂ ಆರಂಭಿಸಬೇಕೆಂದು ವಿಜ್ಞಾಪಿಸಿ ಈ ಲೇಖನವನ್ನು ಮುಗಿಸುತ್ತೇನೆ.